ಹೆಪ್ಪು ಕರಗಿಸುವ ಔಷಧದ ನಂತರ ಮೆದುಳಿನಲ್ಲಿ ರಕ್ತಸ್ರಾವ: ಆ ರಾತ್ರಿ ನಡೆದ ಚಿಕಿತ್ಸೆ ಸರಿಯಿತ್ತೇ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇವೆ. ಎರಡು ತಿಂಗಳ ಹಿಂದೆ ಒಂದು ಸಂಜೆ ಇದ್ದಕ್ಕಿದ್ದಂತೆ ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಮಾತು ನಿಂತಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಅದನ್ನು ಕರಗಿಸುವ ಅಲ್ಟೆಪ್ಲೇಸ್ ಎಂಬ ಔಷಧ ಕೊಡಬಹುದು ಎಂದರು. ನಾನು ಸಹಿ ಹಾಕಿದೆ. ಲಕ್ವ ಹೊಡೆದ ಎರಡು ಗಂಟೆ ನಲವತ್ತು ನಿಮಿಷಕ್ಕೆ ಔಷಧ ಶುರುವಾಯಿತು. ಸುಮಾರು ಆರು ಗಂಟೆಗಳ ನಂತರ ಅವರಿಗೆ ತಲೆನೋವು, ವಾಂತಿ ಬಂದು ಎಚ್ಚರ ತಪ್ಪಿತು. ಮೆದುಳಿನಲ್ಲಿ ರಕ್ತ ಸೋರಿದೆ ಎಂದರು. ಫೈಬ್ರಿನೋಜನ್ 110 ಇದೆ, 'ಕ್ರಯೋ' ಬೇಕು ಎಂದು ನಡುರಾತ್ರಿ ನಮ್ಮನ್ನು ಬೇರೊಂದು ರಕ್ತನಿಧಿಗೆ ಓಡಿಸಿದರು. ತಂದು ಏರಿಸುವಷ್ಟರಲ್ಲಿ ಎರಡೂವರೆ ಗಂಟೆ ಕಳೆದಿತ್ತು. ಶಸ್ತ್ರಚಿಕಿತ್ಸೆ ಬೇಡ ಎಂದರು. ಹೃದಯದ ಬಡಿತ ಏರುಪೇರಾಗಿದೆ ಎಂಬುದೂ ಆಗಲೇ ಗೊತ್ತಾಯಿತು. ತಂದೆಯವರು ಉಳಿದರು. ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾರೆ, ಕೆಲವು ಪದ ಆಡುತ್ತಾರೆ. ಸಹಿ ಹಾಕಿದ್ದೇ ತಪ್ಪು ಎಂದು ನೆಂಟರು ಇಂದಿಗೂ ಹೇಳುತ್ತಿದ್ದಾರೆ. ಆ ಚುಚ್ಚುಮದ್ದು ಕೊಡಿಸಿದ್ದು ತಪ್ಪೇ? ರಕ್ತಸ್ರಾವಕ್ಕೆ ಮಾಡಿದ ಚಿಕಿತ್ಸೆ ಸರಿಯೇ? ಮುಂದೆ ರಕ್ತ ತೆಳುವಾಗಿಸುವ ಮಾತ್ರೆ ಕೊಡಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಿಮ್ಮನ್ನು ನಿದ್ದೆಗೆಡಿಸಿರುವುದು ಮೊದಲನೆಯದು ಎಂಬುದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ. ಆದ್ದರಿಂದ ಅದರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವ ವಿವರಗಳು ಹಾಗೆಯೇ ಇದ್ದರೆ, ಆ ಔಷಧ ಕೊಟ್ಟದ್ದು ತಪ್ಪಲ್ಲ; ನೀವು ಸಹಿ ಹಾಕಿದ್ದೂ ತಪ್ಪಲ್ಲ. ನಿಮ್ಮ ಜಾಗದಲ್ಲಿ ನಾನಿದ್ದು, ಮಲಗಿದ್ದವರು ನನ್ನ ತಂದೆಯಾಗಿದ್ದರೆ, ನಾನೂ ಸಹಿ ಹಾಕುತ್ತಿದ್ದೆ.

ಇದು ಸಮಾಧಾನಕ್ಕಾಗಿ ಆಡಿದ ಮಾತಲ್ಲವೆಂದು ನಿಮಗೆ ಮನವರಿಕೆಯಾಗಬೇಕಾದರೆ ಕೆಲವು ಅಂಕಿಗಳನ್ನು ನೋಡಬೇಕು. ಅಲ್ಟೆಪ್ಲೇಸ್ ಪಾರ್ಶ್ವವಾಯುವಿಗೆ ಉಪಯುಕ್ತವೆಂದು ಮೊದಲ ಬಾರಿಗೆ ತೋರಿಸಿಕೊಟ್ಟದ್ದು ಅಮೆರಿಕದಲ್ಲಿ ನಡೆದು 1995ರಲ್ಲಿ ಪ್ರಕಟವಾದ, 624 ರೋಗಿಗಳನ್ನು ಒಳಗೊಂಡ ಅಧ್ಯಯನ. ಮೂರು ಗಂಟೆಯೊಳಗೆ ಔಷಧ ಪಡೆದವರಲ್ಲಿ ಶೇಕಡ 6.4 ಮಂದಿಗೆ ಸ್ಥಿತಿ ಹದಗೆಡುವಂತಹ ರಕ್ತಸ್ರಾವ ಮೆದುಳಿನಲ್ಲಿ ಆಯಿತು. ಔಷಧ ಪಡೆಯದವರಲ್ಲಿ ಅದು ಶೇಕಡ 0.6 ಮಾತ್ರ. ಅಂದರೆ ಅಪಾಯ ಹತ್ತು ಪಟ್ಟು ಹೆಚ್ಚಿತು. ಇದನ್ನು ಯಾರೂ ಮುಚ್ಚಿಡಬಾರದು. ಆದರೆ ಮೂರು ತಿಂಗಳ ನಂತರ ಲೆಕ್ಕ ಹಾಕಿದಾಗ, ಔಷಧ ಪಡೆದವರಲ್ಲಿ ತೀರಿಕೊಂಡವರು ಶೇಕಡ 17, ಪಡೆಯದವರಲ್ಲಿ ಶೇಕಡ 21. ಬಹುಮಟ್ಟಿಗೆ ಪೂರ್ತಿ ಗುಣವಾದವರ ಸಂಖ್ಯೆ ಔಷಧ ಪಡೆದ ಪ್ರತಿ ನೂರು ಮಂದಿಯಲ್ಲಿ ಹನ್ನೊಂದರಿಂದ ಹದಿಮೂರರಷ್ಟು ಹೆಚ್ಚಿತ್ತು. ರಕ್ತಸ್ರಾವದಿಂದ ಆದ ನಷ್ಟವನ್ನೆಲ್ಲ ಕಳೆದ ಮೇಲೂ ಉಳಿದ ಲಾಭ ಇದು. ಮುಂದೆ 2014ರಲ್ಲಿ ಒಂಬತ್ತು ಅಧ್ಯಯನಗಳ 6,756 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಚಿತ್ರ ಸಿಕ್ಕಿತು: ಮೊದಲ ವಾರದಲ್ಲಿ ಪ್ರಾಣ ತೆಗೆದ ರಕ್ತಸ್ರಾವ ಔಷಧ ಪಡೆದವರಲ್ಲಿ ಶೇಕಡ 2.7, ಉಳಿದವರಲ್ಲಿ 0.4, ಹಾಗಿದ್ದೂ ಮೂರು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಒಳ್ಳೆಯ ಚೇತರಿಕೆ ಕಂಡವರು ಶೇಕಡ 32.9, ಸಿಗದವರಲ್ಲಿ 23.1.

ಈ ಲೆಕ್ಕದ ಕ್ರೌರ್ಯವೊಂದಿದೆ. ಲಾಭ ಪಡೆದವರು ಯಾರೆಂದು ಯಾರಿಗೂ ಕಾಣುವುದಿಲ್ಲ. ಗುಣವಾಗಿ ಮನೆಗೆ ಹೋದವರು ಔಷಧವಿಲ್ಲದೆಯೂ ಗುಣವಾಗುತ್ತಿದ್ದರೇನೋ ಎಂದುಕೊಳ್ಳುತ್ತಾರೆ. ನಷ್ಟ ಅನುಭವಿಸಿದವರು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತಾರೆ. ನಿಮ್ಮ ನೆಂಟರು ನೋಡುತ್ತಿರುವುದು ಈ ಎರಡನೆಯದನ್ನು. ಚುಚ್ಚುಮದ್ದು ಕೊಡಿಸದೆ, ಬಲಭಾಗ ಮತ್ತು ಮಾತು ಶಾಶ್ವತವಾಗಿ ಹೋಗಿದ್ದರೆ, ಕೈಗೆ ಬಂದ ಔಷಧವನ್ನು ಏಕೆ ಬಿಟ್ಟಿರಿ ಎಂದು ಬಹುಶಃ ಅವರೇ ಕೇಳುತ್ತಿದ್ದರು.

ಇನ್ನು ರಕ್ತಸ್ರಾವ ಏಕಾಯಿತು, ಅದಕ್ಕೆ ಏನು ಮಾಡಬೇಕು ಎಂಬ ವಿಚಾರಕ್ಕೆ ಬರುತ್ತೇನೆ. ಹಾಲು ಹೆಪ್ಪುಗಟ್ಟುವುದನ್ನು ಕಂಡು ರಕ್ತಕ್ಕೂ ನಾವು ಅದೇ ಪದ ಬಳಸುತ್ತೇವಾದರೂ ರಕ್ತದ ಹೆಪ್ಪಿಗೆ ಒಳಗೊಂದು ಬಲೆಯಿದೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ಎಳೆಗಳಾಗಿ ಮಾರ್ಪಟ್ಟು, ಆ ಎಳೆಗಳು ಹೆಣೆದುಕೊಂಡು, ಅದರಲ್ಲಿ ರಕ್ತಕಣಗಳು ಸಿಕ್ಕಿಬಿದ್ದು ಹೆಪ್ಪಾಗುತ್ತದೆ. ಅಲ್ಟೆಪ್ಲೇಸ್ ತಾನಾಗಿ ಈ ಬಲೆಯನ್ನು ಕತ್ತರಿಸುವುದಿಲ್ಲ. ಅದು ರಕ್ತದಲ್ಲಿರುವ ಪ್ಲಾಸ್ಮಿನೋಜನ್ ಎಂಬ ವಸ್ತುವನ್ನು ಪ್ಲಾಸ್ಮಿನ್ ಆಗಿ ಬದಲಾಯಿಸುತ್ತದೆ. ಎಳೆಗಳನ್ನು ಕತ್ತರಿಸುವುದು ಪ್ಲಾಸ್ಮಿನ್. ಈ ಪ್ಲಾಸ್ಮಿನ್ ಮುಖ್ಯವಾಗಿ ಹೆಪ್ಪಿನ ಮೇಲೆಯೇ ಕೆಲಸ ಮಾಡಿದರೂ ರಕ್ತದಲ್ಲಿ ಓಡಾಡುತ್ತಿರುವ ಫೈಬ್ರಿನೋಜನ್ನಿನ ಒಂದು ಪಾಲನ್ನೂ ಒಡೆದುಹಾಕುತ್ತದೆ. ಎಷ್ಟು ಒಡೆಯುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತೆರ. ಸಾಮಾನ್ಯವಾಗಿ ಒಂದು ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ ಇರಬೇಕಾದ ಫೈಬ್ರಿನೋಜನ್ ನಿಮ್ಮ ತಂದೆಯವರಲ್ಲಿ 110ಕ್ಕೆ ಇಳಿದದ್ದು ಹೀಗೆ.

ರಕ್ತ ಸೋರಬೇಕಾದರೆ ನಾಳದ ಗೋಡೆಯೂ ಕೆಟ್ಟಿರಬೇಕು. ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿ ಬಿರುಕು ಬಿಟ್ಟ ಕಾಲುವೆಗೆ ಒಮ್ಮೆಲೇ ತೂಬು ಎತ್ತಿ ನೀರು ಬಿಟ್ಟರೆ ಬದು ಒಡೆಯುವುದನ್ನು ನಮ್ಮ ಕಡೆಯ ರೈತರೆಲ್ಲ ಬಲ್ಲರು. ಮೆದುಳಿನ ಸಣ್ಣ ರಕ್ತನಾಳಗಳೂ ಹಾಗೆಯೇ. ಕೆಲವು ಗಂಟೆ ರಕ್ತವಿಲ್ಲದೆ ಬಳಲಿದ ಅವುಗಳ ಗೋಡೆ ಶಿಥಿಲವಾಗಿರುತ್ತದೆ, ಹೆಪ್ಪು ಕರಗಿ ರಕ್ತ ಮರಳಿದಾಗ ಅಲ್ಲಿಯೇ ಸೋರುತ್ತದೆ. ತಡವಾದಷ್ಟೂ, ಹಾನಿಯಾದ ಭಾಗ ದೊಡ್ಡದಿದ್ದಷ್ಟೂ, ವಯಸ್ಸು, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಏರಿದಷ್ಟೂ ಈ ಸಾಧ್ಯತೆ ಹೆಚ್ಚು. ಹೃದಯದ ಬಡಿತ ಏರುಪೇರಾಗುವ, ಏಟ್ರಿಯಲ್ ಫಿಬ್ರಿಲೇಶನ್ ಎಂದು ಕರೆಯುವ ತೊಂದರೆಯೂ ಈ ಪಟ್ಟಿಯಲ್ಲಿದೆ. ನಿಮ್ಮ ತಂದೆಯವರಲ್ಲಿ ಇವುಗಳಲ್ಲಿ ಹಲವು ಇದ್ದವು. ಆದರೆ ಇವು ಯಾವುವೂ ಔಷಧ ಕೊಡಲೇಬಾರದು ಎನ್ನುವಂತಹ ಕಾರಣಗಳಲ್ಲ. ಇಂತಹವರಿಗೆ ಔಷಧ ಕೊಡದಿದ್ದರೆ ಆಗುವ ಹಾನಿಯೂ ಇತರರಿಗಿಂತ ಹೆಚ್ಚು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು, ಏಕೆಂದರೆ ಸ್ಕ್ಯಾನಿನಲ್ಲಿ ರಕ್ತ ಕಂಡಿತು ಎಂಬ ಒಂದೇ ಮಾತಿಗೆ ಅನೇಕ ಕುಟುಂಬಗಳು ಕುಸಿದುಬಿಡುತ್ತವೆ. ಔಷಧದ ನಂತರ ಕಾಣುವ ರಕ್ತವೆಲ್ಲ ಒಂದೇ ಬಗೆಯದಲ್ಲ. ಹಾನಿಯಾದ ಭಾಗದೊಳಗೆ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ, ಊತವೇನೂ ಇಲ್ಲದೆ ಕಾಣುವ ರಕ್ತ ಒಂದು ಬಗೆ; ಅದು ರೋಗಿಯ ಸ್ಥಿತಿಯನ್ನು ಸಾಮಾನ್ಯವಾಗಿ ಹದಗೆಡಿಸುವುದಿಲ್ಲ, ಮುಚ್ಚಿದ್ದ ನಾಳ ತೆರೆದುಕೊಂಡಿತು ಎಂಬುದರ ಗುರುತೂ ಆಗಿರಬಹುದು. ಅದಕ್ಕೆ ಔಷಧದ ಪರಿಣಾಮವನ್ನು ತಿರುಗಿಸುವ ಚಿಕಿತ್ಸೆ ಬೇಕಾಗುವುದಿಲ್ಲ. ಹಾನಿಯಾದ ಭಾಗದ ಶೇಕಡ 30ಕ್ಕಿಂತ ಹೆಚ್ಚನ್ನು ತುಂಬಿಕೊಂಡು ಸುತ್ತಲಿನ ಮೆದುಳನ್ನು ಒತ್ತುವ ರಕ್ತದ ಗಡ್ಡೆ ಇನ್ನೊಂದು ಬಗೆ. ಪ್ರಾಣಕ್ಕೂ ಚೇತರಿಕೆಗೂ ಕುತ್ತು ತರುವುದು ಮುಖ್ಯವಾಗಿ ಇದು. ನಿಮ್ಮ ತಂದೆಯವರಿಗೆ ಎಚ್ಚರ ತಪ್ಪಿದ್ದನ್ನು ನೋಡಿದರೆ ಆದದ್ದು ಈ ಎರಡನೆಯ ಬಗೆಯೇ ಇರಬೇಕು.

ಅಲ್ಟೆಪ್ಲೇಸನ್ನು ರೋಗಿಯ ತೂಕದ ಪ್ರತಿ ಕಿಲೋಗೆ 0.9 ಮಿಲಿಗ್ರಾಂನಂತೆ, ಒಟ್ಟು 90 ಮಿಲಿಗ್ರಾಂ ಮೀರದಂತೆ ಕೊಡುತ್ತಾರೆ. ಹತ್ತರಲ್ಲಿ ಒಂದು ಪಾಲನ್ನು ಒಂದು ನಿಮಿಷದಲ್ಲಿ ನೇರವಾಗಿ ನಾಳಕ್ಕೆ ಚುಚ್ಚಿ, ಉಳಿದದ್ದನ್ನು ಒಂದು ಗಂಟೆ ಕಾಲ ಡ್ರಿಪ್ಪಿನಲ್ಲಿ ಹರಿಸುತ್ತಾರೆ. 60 ಕಿಲೋ ತೂಕದವರಿಗೆ 54 ಮಿಲಿಗ್ರಾಂ ಆಯಿತು. ಮಲಗಿರುವ ರೋಗಿಯನ್ನು ತೂಗಲಾಗದೆ ತೂಕವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹತ್ತು ಕಿಲೋ ಹೆಚ್ಚು ಅಂದಾಜಿಸಿದರೆ ಒಂಬತ್ತು ಮಿಲಿಗ್ರಾಂ ಔಷಧ ಹೆಚ್ಚಾಗಿ ಹೋಗುತ್ತದೆ. ಔಷಧ ಶುರುವಾದ ಮೇಲೆ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ನಂತರದ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ಒಂದು ದಿನ ಪೂರ್ತಿಯಾಗುವವರೆಗೆ ಗಂಟೆಗೊಮ್ಮೆ ರಕ್ತದೊತ್ತಡವನ್ನೂ ಕೈಕಾಲಿನ ಶಕ್ತಿ, ಮಾತು, ಎಚ್ಚರವನ್ನೂ ನೋಡಬೇಕು. ರಕ್ತದೊತ್ತಡ 180/105ರ ಕೆಳಗಿರಬೇಕು. ತೀವ್ರ ತಲೆನೋವು, ವಾಂತಿ, ಏಕಾಏಕಿ ಏರಿದ ರಕ್ತದೊತ್ತಡ, ಇದ್ದ ಶಕ್ತಿಯೂ ಕುಗ್ಗುವುದು, ಮಂಪರು, ಇವುಗಳಲ್ಲಿ ಯಾವುದು ಕಂಡರೂ ರಕ್ತಸ್ರಾವವೆಂದೇ ಭಾವಿಸಿ ಹೊರಡಬೇಕು. ಡ್ರಿಪ್ ಇನ್ನೂ ಹರಿಯುತ್ತಿದ್ದರೆ ಆ ಕ್ಷಣವೇ ನಿಲ್ಲಿಸಬೇಕು, ಸ್ಕ್ಯಾನಿನ ಫಲಿತಾಂಶಕ್ಕಾಗಿ ಕಾಯಬಾರದು. ಈಗ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿರುವ, ಇದೇ ಬಗೆಯ ಟೆನೆಕ್ಟೆಪ್ಲೇಸ್ ಎಂಬ ಔಷಧವನ್ನು ಒಂದೇ ಸಲಕ್ಕೆ ಚುಚ್ಚುವುದರಿಂದ ಅಲ್ಲಿ ನಿಲ್ಲಿಸಲು ಏನೂ ಉಳಿದಿರುವುದಿಲ್ಲ.

ಕೂಡಲೇ ಸಿ.ಟಿ. ಸ್ಕ್ಯಾನ್ ಆಗಬೇಕು. ರೋಗಿಯನ್ನು ಸ್ಕ್ಯಾನಿಗೆ ಒಯ್ಯುವ ಮೊದಲೇ ರಕ್ತ ತೆಗೆದು ಫೈಬ್ರಿನೋಜನ್, ಪ್ಲೇಟ್‌ಲೆಟ್ ಎಣಿಕೆ, ಹೆಪ್ಪುಗಟ್ಟುವ ಸಮಯದ ಪರೀಕ್ಷೆಗಳು ಮತ್ತು ರಕ್ತದ ಗುಂಪಿಗೆ ಕಳುಹಿಸಬೇಕು, ರಕ್ತನಿಧಿಗೆ ಫೋನು ಮಾಡಬೇಕು. ಸ್ಕ್ಯಾನಿನಲ್ಲಿ ರಕ್ತವಿಲ್ಲವೆಂದು ಗೊತ್ತಾದರೆ ಆ ಫೋನನ್ನು ಹಿಂತೆಗೆದುಕೊಳ್ಳುವುದು ಸುಲಭ.

ಓದುಗರು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ ಇಲ್ಲಿ ಏಳುತ್ತದೆ. ಅಲ್ಟೆಪ್ಲೇಸ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಡ್ರಿಪ್ ನಿಂತ ಐದು ನಿಮಿಷದೊಳಗೆ ಅದರ ಅರ್ಧ ಪಾಲು ಹೋಗಿಬಿಡುತ್ತದೆ. ಹಾಗಿದ್ದರೆ ಆರು ಗಂಟೆಗಳ ನಂತರ ಅದರ ಪರಿಣಾಮವನ್ನು ತಿರುಗಿಸುವ ಪ್ರಯತ್ನ ಏಕೆ? ಔಷಧ ಹೋಗಿದ್ದರೂ ಅದು ಮಾಡಿದ ಕೆಲಸ ಉಳಿದಿರುತ್ತದೆ ಎಂಬುದೇ ಇದಕ್ಕೆ ಉತ್ತರ. ಒಡೆದುಹೋದ ಫೈಬ್ರಿನೋಜನ್ನನ್ನು ಯಕೃತ್ತು ಮತ್ತೆ ತಯಾರಿಸಬೇಕು, ಅದಕ್ಕೆ ಒಂದು ದಿನವಾದರೂ ಬೇಕು. ಅಷ್ಟರವರೆಗೆ ಮೆದುಳಿನಲ್ಲಿ ಒಡೆದ ನಾಳದ ಬಾಯಿಯನ್ನು ಮುಚ್ಚಲು ದೇಹದ ಬಳಿ ನೂಲೇ ಸಾಲದು. ಈ ತೊಡಕಿನ ಚಿಕಿತ್ಸೆಯೆಲ್ಲ ಈ ಒಂದು ಅಂಶದ ಸುತ್ತ ತಿರುಗುತ್ತದೆ.

ನಿಮ್ಮನ್ನು ನಡುರಾತ್ರಿ ಓಡಿಸಿದ 'ಕ್ರಯೋ', ಅಂದರೆ ಕ್ರಯೋಪ್ರೆಸಿಪಿಟೇಟ್, ಈ ನೂಲನ್ನು ಒದಗಿಸುವ ವಸ್ತು. ದಾನಿಯ ರಕ್ತದಿಂದ ಪ್ಲಾಸ್ಮಾವನ್ನು, ಅಂದರೆ ರಕ್ತಕಣಗಳನ್ನು ಬಿಟ್ಟ ದ್ರವಭಾಗವನ್ನು, ಬೇರ್ಪಡಿಸಿ ಮಂಜುಗಡ್ಡೆಯಾಗುವಷ್ಟು ತಣ್ಣಗಾಗಿಸಿ, ಬಳಿಕ ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಭಾಗ ಅದು. ಫೈಬ್ರಿನೋಜನ್ ಮತ್ತು ಹೆಪ್ಪುಗಟ್ಟಲು ಬೇಕಾದ ಇನ್ನು ಕೆಲವು ಅಂಶಗಳು ಅದರಲ್ಲಿ ಸಾಂದ್ರವಾಗಿರುತ್ತವೆ. ಒಂದು ಚೀಲದಲ್ಲಿ ಹದಿನೈದು ಇಪ್ಪತ್ತು ಮಿಲಿಲೀಟರ್ ಮಾತ್ರ ಇದ್ದು, ಅದರಲ್ಲಿ ಸುಮಾರು 150ರಿಂದ 250 ಮಿಲಿಗ್ರಾಂ ಫೈಬ್ರಿನೋಜನ್ ಇರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ನಿನ ಮಾರ್ಗಸೂಚಿಯ ಪ್ರಕಾರ ಹತ್ತು ಚೀಲಗಳನ್ನು ಹತ್ತರಿಂದ ಮೂವತ್ತು ನಿಮಿಷದೊಳಗೆ ಏರಿಸಬೇಕು; ನಂತರವೂ ಫೈಬ್ರಿನೋಜನ್ 150ರ ಕೆಳಗಿದ್ದರೆ ಇನ್ನಷ್ಟು ಕೊಡಬೇಕು. ನಿಮ್ಮ ತಂದೆಯವರಲ್ಲಿ ಅದು 110 ಇದ್ದುದರಿಂದ ಕ್ರಯೋ ಬೇಕೆಂದು ವೈದ್ಯರು ತೀರ್ಮಾನಿಸಿದ್ದು ಪೂರ್ತಿ ಸರಿ.

ಸಾಮಾನ್ಯ ಪ್ಲಾಸ್ಮಾ ಆಸ್ಪತ್ರೆಯಲ್ಲೇ ಇದ್ದಿರಬಹುದು, ಅದನ್ನೇಕೆ ಕೊಡಲಿಲ್ಲ ಎಂದು ನಿಮಗೆ ಅನಿಸಬಹುದು. ಅಷ್ಟೇ ಫೈಬ್ರಿನೋಜನ್ ಪ್ಲಾಸ್ಮಾದಿಂದ ಸಿಗಬೇಕಾದರೆ ಹೆಚ್ಚು ಕಡಿಮೆ ಒಂದು ಲೀಟರ್ ಏರಿಸಬೇಕು. ವಯಸ್ಸಾದ, ಬಡಿತ ತಪ್ಪಿದ ಹೃದಯಕ್ಕೆ ಅದು ದೊಡ್ಡ ಹೊರೆ. ಅಲ್ಲದೆ ಪ್ಲಾಸ್ಮಾದಲ್ಲಿ ಪ್ಲಾಸ್ಮಿನೋಜನ್ ಕೂಡ ಇದೆ, ಅಂದರೆ ಹೆಪ್ಪು ಕತ್ತರಿಸುವ ಕತ್ತರಿಗೆ ಬೇಕಾದ ಕಬ್ಬಿಣವನ್ನೂ ಜೊತೆಗೇ ಕೊಟ್ಟಂತಾಗುತ್ತದೆ. ಕ್ರಯೋ ಎಲ್ಲಿಯೂ ಸಿಗದಿದ್ದಾಗ ಮಾತ್ರ ಅದರ ಮೊರೆ ಹೋಗಬೇಕು. ಪುಡಿಯ ರೂಪದಲ್ಲಿ ಬರುವ ಫೈಬ್ರಿನೋಜನ್ ಕೂಡ ಇದೆ, ಕರಗಿಸಿ ನೇರವಾಗಿ ಕೊಡಬಹುದು. ಬೆಲೆ ಹೆಚ್ಚಾದ್ದರಿಂದ ನಮ್ಮಲ್ಲಿ ಎಲ್ಲ ಕಡೆ ಇಟ್ಟಿರುವುದಿಲ್ಲ.

ಪ್ಲೇಟ್‌ಲೆಟ್ ಏರಿಸಿದರೆ ರಕ್ತ ನಿಲ್ಲುತ್ತದೆ ಎಂಬ ನಂಬಿಕೆ ಕೆಲವೆಡೆ ಇನ್ನೂ ಉಳಿದಿದೆ. ಎಣಿಕೆ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಅರ್ಥವಿದೆ, ಇಲ್ಲವಾದರೆ ಇಲ್ಲ. ಆಸ್ಪಿರಿನ್‌ನಂತಹ ಮಾತ್ರೆ ನುಂಗುತ್ತಿದ್ದು ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಪ್ಲೇಟ್‌ಲೆಟ್ ಏರಿಸಿ ನೋಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏರಿಸಿಕೊಂಡವರ ಸ್ಥಿತಿಯೇ ಹೆಚ್ಚು ಕೆಟ್ಟಿತು. ಅದು ಹೆಪ್ಪು ಕರಗಿಸುವ ಔಷಧ ಪಡೆದವರ ಅಧ್ಯಯನವಲ್ಲ, ಆದರೂ ಕೈ ತಡೆಯುವಷ್ಟು ಎಚ್ಚರಿಕೆಯನ್ನು ಕೊಡುತ್ತದೆ.

ಕ್ರಯೋ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ, ಅಪಘಾತದ ಗಾಯಕ್ಕೆ ಕೊಡುವ, ಸಣ್ಣ ಊರಿನ ಔಷಧದ ಅಂಗಡಿಯಲ್ಲೂ ಸಿಗುವ ಟ್ರಾನೆಕ್ಸಾಮಿಕ್ ಆಮ್ಲ ಪ್ಲಾಸ್ಮಿನೋಜನ್ ಫೈಬ್ರಿನಿಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಅಂದರೆ ಕ್ರಯೋ ಹೊಸ ನೂಲು ಕೊಟ್ಟರೆ ಇದು ಇರುವ ನೂಲು ಕತ್ತರಿಸದಂತೆ ಕಾಯುತ್ತದೆ. ಒಂದು ಗ್ರಾಂ ಔಷಧವನ್ನು ಹತ್ತು ನಿಮಿಷದಲ್ಲಿ ನಾಳಕ್ಕೆ ಕೊಡಬೇಕು. ಫ್ರಿಜ್ಜಿನಿಂದ ತೆಗೆದು ಕರಗಿಸಬೇಕಾದದ್ದೇನೂ ಇಲ್ಲ, ರಕ್ತದ ಗುಂಪು ಹೊಂದಿಸಬೇಕಾಗಿಲ್ಲ, ಬೆಲೆಯೂ ಕಡಿಮೆ. ಕ್ರಯೋ ದೂರದಲ್ಲಿರುವ ಊರುಗಳಲ್ಲಿ ಇದನ್ನು ಮೊದಲು ಕೊಟ್ಟು ಆಮೇಲೆ ರಕ್ತನಿಧಿಯ ದಾರಿ ಹಿಡಿಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಿಮ್ಮ ತಂದೆಯವರಿಗೆ ಇದನ್ನು ಕೊಟ್ಟರೇ, ಕೊಟ್ಟಿದ್ದರೆ ಯಾವ ಹೊತ್ತಿಗೆ ಎಂಬುದು ಆಸ್ಪತ್ರೆಯ ದಾಖಲೆಯಲ್ಲಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಈ ಚಿಕಿತ್ಸೆಗಳು ಹೆಪ್ಪುಗಟ್ಟುವಿಕೆಯ ತರ್ಕದ ಮೇಲೆ ನಿಂತಿವೆಯೇ ಹೊರತು, ಒಂದು ಗುಂಪಿಗೆ ಕೊಟ್ಟು ಇನ್ನೊಂದು ಗುಂಪಿಗೆ ಕೊಡದೆ ಹೋಲಿಸಿ ನೋಡಿದ ಪ್ರಯೋಗಗಳ ಮೇಲಲ್ಲ. ತಾನಾಗಿ ಆದ ಮೆದುಳಿನ ರಕ್ತಸ್ರಾವದಲ್ಲಿ ಟ್ರಾನೆಕ್ಸಾಮಿಕ್ ಆಮ್ಲವನ್ನು 2,325 ರೋಗಿಗಳಲ್ಲಿ ಪರೀಕ್ಷಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಡ್ಡೆ ಬೆಳೆಯುವುದು ಸ್ವಲ್ಪ ತಗ್ಗಿತಾದರೂ ಮೂರು ತಿಂಗಳ ನಂತರದ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ತಂದೆಯವರಿಗೆ ಆದಂತಹ ರಕ್ತಸ್ರಾವವನ್ನೇ ಕುರಿತ ಮಾಹಿತಿಯಲ್ಲಿ ನಾನು ಹೆಚ್ಚು ನೆಚ್ಚುವುದು 2015ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳ ದಾಖಲೆಗಳನ್ನು ಸೇರಿಸಿ ಪ್ರಕಟಿಸಿದ ವರದಿಯನ್ನು. ಔಷಧ ಪಡೆದ 3,894 ಮಂದಿಯಲ್ಲಿ 128 ಜನರಿಗೆ ಸ್ಥಿತಿ ಹದಗೆಡಿಸುವ ರಕ್ತಸ್ರಾವವಾಗಿತ್ತು, ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಮತ್ತೆ ಸ್ಕ್ಯಾನ್ ಮಾಡಿದವರ ಪೈಕಿ ಕಾಲುಭಾಗಕ್ಕಿಂತ ಹೆಚ್ಚಿನವರಲ್ಲಿ ಗಡ್ಡೆ ಬೆಳೆದಿತ್ತು. ಫೈಬ್ರಿನೋಜನ್ 150ರ ಕೆಳಗೆ ಇಳಿದವರಲ್ಲಿ ಅದು ಬೆಳೆಯುವ ಸಾಧ್ಯತೆ ಹೆಚ್ಚಿತ್ತು. ರಕ್ತಸ್ರಾವ ಗೊತ್ತಾದ ಮೇಲೆ ಚಿಕಿತ್ಸೆ ಶುರುವಾಗಲು ಅಲ್ಲಿಯೂ ನಡುಮಟ್ಟದಲ್ಲಿ 112 ನಿಮಿಷ ಹಿಡಿದಿತ್ತು. ಯಾವ ಒಂದು ಚಿಕಿತ್ಸೆಯೂ ಸಾವನ್ನು ಸ್ಪಷ್ಟವಾಗಿ ತಗ್ಗಿಸಿದಂತೆ ಕಾಣಲಿಲ್ಲ. ಎರಡು ಗಂಟೆ ತಡವಾಗಿ ಕೊಟ್ಟ ಚಿಕಿತ್ಸೆಯ ಗುಣವನ್ನು ಅಳೆಯುವುದು, ಮನೆ ಅರ್ಧ ಉರಿದ ಮೇಲೆ ಎರಚಿದ ನೀರಿನ ಗುಣವನ್ನು ಅಳೆದಂತೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಆದ್ದರಿಂದ ನಿಮ್ಮ ಎರಡೂವರೆ ಗಂಟೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಇಂತಹ ವಿಳಂಬ ಅಪರೂಪವಲ್ಲ, ನಿಮ್ಮ ವೈದ್ಯರೊಬ್ಬರ ಅಲಕ್ಷ್ಯವೆಂದೂ ಹೇಳಲಾಗದು. ಆದರೆ ಅದು ಒಪ್ಪತಕ್ಕದ್ದೂ ಅಲ್ಲ. ಹೆಪ್ಪು ಕರಗಿಸುವ ಔಷಧವನ್ನು ಇಟ್ಟುಕೊಳ್ಳುವ ಪ್ರತಿಯೊಂದು ಆಸ್ಪತ್ರೆಯೂ ಕ್ರಯೋ ಎಲ್ಲಿ ಸಿಗುತ್ತದೆ, ರಾತ್ರಿ ಎರಡು ಗಂಟೆಗೆ ಫೋನು ಎತ್ತುವವರು ಯಾರು, ಚೀಲವನ್ನು ತರುವವರು ಯಾರು ಎಂಬುದನ್ನು ಮೊದಲೇ ನಿರ್ಧರಿಸಿ ಗೋಡೆಯ ಮೇಲೆ ಬರೆದಿಡಬೇಕು. ರಕ್ತನಿಧಿಯಲ್ಲಿ ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲಿಟ್ಟ ಕ್ರಯೋವನ್ನು ಕರಗಿಸಲಿಕ್ಕೇ ಹದಿನೈದರಿಂದ ಮೂವತ್ತು ನಿಮಿಷ ಬೇಕು, ಕರಗಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಬೇಕು; ಫೋನು ಮುಂಚೆ ಹೋದಷ್ಟೂ ಈ ಸಮಯ ಉಳಿಯುತ್ತದೆ. ತಂದೆ ಪ್ರಜ್ಞೆಯಿಲ್ಲದೆ ಮಲಗಿರುವಾಗ ಮಗನ ಕೈಗೆ ಚೀಟಿ ಕೊಟ್ಟು ಊರು ಸುತ್ತಿಸುವ ಪದ್ಧತಿ ನಿಲ್ಲಬೇಕು.

ಶಸ್ತ್ರಚಿಕಿತ್ಸೆ ಬೇಡವೆಂದದ್ದು ಕೈಬಿಟ್ಟಂತಲ್ಲ. ಫೈಬ್ರಿನೋಜನ್ 110 ಇರುವಾಗ ತಲೆಬುರುಡೆ ತೆರೆದರೆ ಕತ್ತರಿ ಇಟ್ಟಲ್ಲೆಲ್ಲ ರಕ್ತ ಸೋರುತ್ತದೆ; ಮೊದಲು ಅದನ್ನು ಸರಿಪಡಿಸಬೇಕು. ಹೃದಯಾಘಾತಕ್ಕೆಂದು ಹೆಪ್ಪು ಕರಗಿಸುವ ಔಷಧ ಪಡೆದು ಮೆದುಳಿನಲ್ಲಿ ರಕ್ತಸ್ರಾವವಾದವರನ್ನು ಗಮನಿಸಿದ, 1990ರ ದಶಕದ ಒಂದು ದೊಡ್ಡ ಅಧ್ಯಯನದಲ್ಲಿ, ಗಡ್ಡೆ ತೆಗೆಸಿಕೊಂಡವರಲ್ಲಿ ಒಂದು ತಿಂಗಳು ಬದುಕಿದವರು ಶೇಕಡ 65, ಉಳಿದವರಲ್ಲಿ ಶೇಕಡ 35. ಕೇಳಲು ಆಶಾದಾಯಕವಾಗಿದೆ, ಆದರೆ ಶಸ್ತ್ರಚಿಕಿತ್ಸೆಗೆ ಆರಿಸಿಕೊಂಡವರು ಮೊದಲೇ ಬದುಕುವ ಸಾಧ್ಯತೆ ಹೆಚ್ಚಿದ್ದವರಾಗಿರಬಹುದು. ಅಲ್ಲದೆ ಅವರ ಮೆದುಳು ಅಲ್ಲಿಯವರೆಗೆ ಆರೋಗ್ಯವಾಗಿತ್ತು. ಲಕ್ವ ಹೊಡೆದವರಲ್ಲಿ ಗಡ್ಡೆ ಕುಳಿತಿರುವುದು ಆಗಲೇ ಜೀವ ಕಳೆದುಕೊಂಡ ಭಾಗದಲ್ಲಿ, ಅದನ್ನು ತೆಗೆದರೆ ಒತ್ತಡ ಇಳಿಯುತ್ತದೆಯೇ ಹೊರತು ಆ ಭಾಗ ಮರಳುವುದಿಲ್ಲ. ಕಿರುಮೆದುಳಿನಲ್ಲಿ ರಕ್ತ ನಿಂತು ಮೆದುಳಕಾಂಡವನ್ನು ಒತ್ತುತ್ತಿದ್ದರೆ, ಅಥವಾ ಚಿಕ್ಕ ವಯಸ್ಸಿನವರಲ್ಲಿ ಊತ ಹೆಚ್ಚಿ ಪ್ರಾಣಕ್ಕೆ ಬಂದಿದ್ದರೆ ಶಸ್ತ್ರಚಿಕಿತ್ಸೆಯ ಪರವಾಗಿ ನಾನು ವಾದಿಸುತ್ತೇನೆ. ನಿಮ್ಮ ತಂದೆಯವರು ಶಸ್ತ್ರಚಿಕಿತ್ಸೆಯಿಲ್ಲದೆ ಉಳಿದರು ಎಂಬುದು ಆ ತೀರ್ಮಾನದ ಪರವಾದ ಸಾಕ್ಷಿ.

ರಕ್ತದೊತ್ತಡವನ್ನು ಎಷ್ಟಕ್ಕೆ ಇಳಿಸಬೇಕು ಎಂಬುದು ಆ ರಾತ್ರಿಯ ಕಷ್ಟದ ಪ್ರಶ್ನೆಗಳಲ್ಲೊಂದು. ಗಡ್ಡೆ ಬೆಳೆಯದಿರಲು ಒತ್ತಡ ಇಳಿಯಬೇಕು. ಆದರೆ ಮುಚ್ಚಿದ ನಾಳ ಇನ್ನೂ ತೆರೆದಿಲ್ಲವಾದರೆ, ಅದರಾಚೆಯ ಮೆದುಳು ಬದುಕಿರುವುದೇ ಆ ಒತ್ತಡದ ಬಲದಿಂದ. ಮೇಲಿನ ಅಂಕಿಯನ್ನು 140ರಿಂದ 160ರ ನಡುವೆ ಹಿಡಿದಿಡುವುದು ನಾನು ಅನುಸರಿಸುವ ಕ್ರಮ, ಏಕಾಏಕಿ ಕೆಳಗೆ ತಳ್ಳುವುದಿಲ್ಲ. ತಲೆಯ ಭಾಗವನ್ನು ಮೂವತ್ತು ಡಿಗ್ರಿ ಎತ್ತರಿಸುವುದು, ಜ್ವರ ಬರದಂತೆ ನೋಡುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಊತಕ್ಕೆ ಮ್ಯಾನಿಟಾಲ್ ಅಥವಾ ಸಾಂದ್ರ ಲವಣದ್ರಾವಣ ಕೊಡುವುದು ಎಲ್ಲ ಮೆದುಳಿನ ರಕ್ತಸ್ರಾವಗಳಿಗೂ ಸಮಾನವಾದದ್ದು.

ಈ ಪತ್ರವನ್ನು ಓದುತ್ತಿರುವ ಬೇರೆ ಕುಟುಂಬಗಳಿಗಾಗಿ ಒಂದು ಮಾತು ಸೇರಿಸುತ್ತೇನೆ. ಇನ್ನೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂಬ ತೀರ್ಮಾನ ಮೊದಲ ರಾತ್ರಿಯೇ ಆಗಬಾರದು. ಮೆದುಳಿನ ರಕ್ತಸ್ರಾವದಲ್ಲಿ ಚಿಕಿತ್ಸೆ ಮಿತಗೊಳಿಸುವ ನಿರ್ಧಾರವನ್ನು ಕನಿಷ್ಠ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಬೇಕೆಂದು ಮಾರ್ಗಸೂಚಿಗಳೇ ಹೇಳುತ್ತವೆ. ರೋಗಿ ಮೊದಲೇ ಹೀಗೆ ಬಯಸಿದ್ದರೆ ಅದು ಬೇರೆ ಮಾತು. ಅರ್ಧದಷ್ಟು ಮಂದಿ ಸಾಯುತ್ತಾರೆ ಎಂಬ ಅಂಕಿಯ ಇನ್ನೊಂದು ಮುಖ ನಿಮ್ಮ ತಂದೆಯವರು.

ಇನ್ನು ಮೂರನೆಯ ಪ್ರಶ್ನೆ. ಬಡಿತ ತಪ್ಪಿದ ಹೃದಯದೊಳಗೆ ಹೆಪ್ಪು ಕಟ್ಟಿ ಮೆದುಳಿಗೆ ಹಾರುವುದರಿಂದ ಮತ್ತೊಮ್ಮೆ ಲಕ್ವ ಹೊಡೆಯುವ ಸಾಧ್ಯತೆ ನಿಜವಾದದ್ದು. ಅದನ್ನು ತಡೆಯಲು ಆಸ್ಪಿರಿನ್ ಸಾಲದು, ನೀವು ಕೇಳಿದ ರಕ್ತ ತೆಳುವಾಗಿಸುವ, ಅಪಿಕ್ಸಬಾನ್‌ನಂತಹ ಔಷಧ ಬೇಕು. ಮೆದುಳಿನ ರಕ್ತಸ್ರಾವದ ನಂತರ ಇಂತಹ ಔಷಧವನ್ನು ಏಳೆಂಟು ವಾರಗಳ ಬಳಿಕ ಆರಂಭಿಸುವುದನ್ನು ಪರಿಶೀಲಿಸಬಹುದೆಂದು 2022ರ ಅಮೆರಿಕನ್ ಮಾರ್ಗಸೂಚಿ ಹೇಳುತ್ತದೆ. ನೀವು ಈಗ ಸರಿಸುಮಾರು ಆ ಹಂತದಲ್ಲಿದ್ದೀರಿ. ಔಷಧದಿಂದ ಆದ ರಕ್ತಸ್ರಾವ, ಅದಕ್ಕೆ ಕಾರಣವಾದ ಔಷಧ ದೇಹದಿಂದ ಹೋದ ಮೇಲೆ, ತಾನಾಗಿ ಆದ ರಕ್ತಸ್ರಾವದಷ್ಟು ಮರುಕಳಿಸುವ ಸ್ವಭಾವದ್ದಲ್ಲವೆಂದು ನಾನು ಭಾವಿಸುತ್ತೇನೆ. ಆದರೆ ರಕ್ತ ಸೋರಿದ ಜಾಗ ಯಾವುದು ಎಂಬುದು ಮುಖ್ಯ. ಲಕ್ವದಿಂದ ಹಾನಿಯಾದ ಭಾಗದೊಳಗೇ ಸೋರಿದ್ದರೆ ಒಂದು ತೀರ್ಮಾನ. ಅದಕ್ಕೆ ಸಂಬಂಧವಿಲ್ಲದ ದೂರದ ಜಾಗದಲ್ಲಿ ಸೋರಿದ್ದರೆ, ವಯಸ್ಸಾದವರ ಮೆದುಳಿನ ನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಕೂಡಿಕೊಂಡು ಅವನ್ನು ಸಡಿಲಗೊಳಿಸುವ ಕಾಯಿಲೆಯನ್ನು ಸಂಶಯಿಸಬೇಕಾಗುತ್ತದೆ. ಅದಕ್ಕಾಗಿ ಎಂ.ಆರ್.ಐ. ಮಾಡಿಸಿ, ಹಳೆಯ ಸಣ್ಣ ರಕ್ತಸ್ರಾವಗಳ ಗುರುತುಗಳಿವೆಯೇ ಎಂದು ನೋಡಿಸಿ. ಅಂತಹ ಗುರುತುಗಳು ಬಹಳ ಇದ್ದರೆ, ಹೃದಯದಲ್ಲಿ ಹೆಪ್ಪು ಕಟ್ಟುವ ಪುಟ್ಟ ಚೀಲವನ್ನು ಮುಚ್ಚುವ ಸಾಧನದ ಬಗ್ಗೆ ಹೃದ್ರೋಗ ತಜ್ಞರೊಡನೆ ಮಾತನಾಡಬೇಕು. ಇದನ್ನು ಪತ್ರದ ಮೂಲಕ ನಾನು ತೀರ್ಮಾನಿಸಲಾರೆ. ನಿಮ್ಮ ನರರೋಗ ತಜ್ಞರು ಎರಡೂ ಸ್ಕ್ಯಾನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಹೇಳಬೇಕು. ಅಲ್ಲಿಯವರೆಗೆ ನೀವಾಗಿ ಯಾವ ಮಾತ್ರೆಯನ್ನೂ ಆರಂಭಿಸಬೇಡಿ.

ಮನೆಯಲ್ಲಿ ರಕ್ತದೊತ್ತಡ ಅಳೆಯುವ ಯಂತ್ರ ಇಟ್ಟುಕೊಂಡು ಅದು 130/80ರ ಆಸುಪಾಸಿನಲ್ಲಿ ಇರುವಂತೆ ವೈದ್ಯರ ಸಲಹೆಯಂತೆ ನೋಡಿಕೊಳ್ಳಿ. ಮುಂದಿನ ರಕ್ತಸ್ರಾವ ಮತ್ತು ಮುಂದಿನ ಲಕ್ವ ಎರಡನ್ನೂ ತಡೆಯುವ ಒಂದೇ ಉಪಾಯ ಅದು. ಮಾತಿನ ಅಭ್ಯಾಸ ಮತ್ತು ವ್ಯಾಯಾಮವನ್ನು ನಿಲ್ಲಿಸಬೇಡಿ, ಎರಡು ತಿಂಗಳಿಗೆ ಚೇತರಿಕೆ ಮುಗಿದುಹೋಗುವುದಿಲ್ಲ. ಆಸ್ಪತ್ರೆಯ ಬಿಡುಗಡೆ ಪತ್ರದ ಪ್ರತಿಯೊಂದನ್ನು ತಂದೆಯವರ ಅಂಗಿಯ ಜೇಬಿನಲ್ಲಿ ಸದಾ ಇಡಿ. ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ, ಆದರೆ ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಮೂಲಕ ತಂತಿ ತೂರಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಗೆ ಆಗಲೂ ಅವಕಾಶ ಉಳಿದಿರುತ್ತದೆ. ಇನ್ನೊಂದು ದಿನ ಅವರು ನೀವಿಲ್ಲದ ಹೊತ್ತಿನಲ್ಲಿ ಕುಸಿದರೆ, ಅವರನ್ನು ಎತ್ತಿಕೊಂಡು ಹೋದವರ ಕೈಯಲ್ಲಿ ಆ ಕಾಗದ ಇರಬೇಕು.